ಎಂಟು ನಿಮಿಷದಲ್ಲಿ ಒಂದು ಮರ



ವಿಜ್ಞಾನ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವುದು ಹೇಗೆ ಎಂಬ ಬಗ್ಗೆ ಮಾತಾಡಬೇಕೆಂದು ಆಕಾಶವಾಣಿಯವರ ಪತ್ರ ಬಂದಾಗ ಅದನ್ನು ಮೊದಲು ಓದಿದವಳು ನನ್ನ ಮನೆಯಾಕೆ. ಓದಿ ನಕ್ಕುಬಿಟ್ಟಳು. "ಮೊದಲನೇ ಸಲ ನೀವು ಮಾಡಿ ಬಂದದ್ದು ಅವರಿಗೆ ಗೊತ್ತಿದ್ದಂಗಿಲ್ಲ ಬಿಡ್ರಿ" ಅಂದಳು. ಅವಳು ಹೇಳಿದ್ದು ಸರಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಗ ನಾನು ಸಸ್ಯಶಾಸ್ತ್ರ ಕಲಿಸುವ ಎಳೆಯ ಮೇಷ್ಟರು. ಸವಣೂರು ಸೀಮೆಯ ಎಲೆಬಳ್ಳಿ ತೋಟಗಳಲ್ಲಿ ಬಳ್ಳಿ ಬುಡದಿಂದಲೇ ಕಪ್ಪಾಗಿ ಸೊರಗುವ ರೋಗದ ಮೇಲೆ ಎರಡು ವರ್ಷ ಅಡ್ಡಾಡಿದ್ದೆ. ದೊಡ್ಡ ಊರೊಂದರ ಸಮ್ಮೇಳನಕ್ಕೆ ಪ್ರಬಂಧ ಒಪ್ಪಿಗೆಯಾಯಿತು. ಯಲವಿಗಿಯಲ್ಲಿ ರಾತ್ರಿ ರೈಲು ಹತ್ತಿದೆ. ಬಗಲಲ್ಲಿ ಹದಿನಾಲ್ಕು ಪುಟದ ಪ್ರಬಂಧ, ಕೈಯಲ್ಲಿ ಇಪ್ಪತ್ಮೂರು ಪಾರದರ್ಶಕ ಹಾಳೆ. ಇವನ್ನು ಗಾಜಿನ ಮೇಲಿಟ್ಟರೆ ಗೋಡೆಯ ಮೇಲೆ ಅಕ್ಷರ ಮೂಡುವ ಯಂತ್ರಗಳು ಆಗಿನ ಕಾಲೇಜುಗಳಲ್ಲಿ ಇರುತ್ತಿದ್ದವು. ನನಗೆ ಕೊಟ್ಟದ್ದು ಹತ್ತು ನಿಮಿಷ. ಇಪ್ಪತ್ಮೂರನ್ನು ಹತ್ತರಿಂದ ಭಾಗಿಸುವ ಲೆಕ್ಕ ನನಗೆ ಬರುತ್ತಿರಲಿಲ್ಲವೆಂದಲ್ಲ, ಆದರೆ ಮಾಡಿ ನೋಡಿರಲಿಲ್ಲ.

ವೀಳ್ಯದೆಲೆ ಭಾರತಕ್ಕೆ ಬಂದ ಬಗೆ, ಶಾಸ್ತ್ರಗಳಲ್ಲಿ ತಾಂಬೂಲ, ನಮ್ಮ ಸೀಮೆಯ ಮಣ್ಣು, ಮಳೆ ಇವಿಷ್ಟು ಹೇಳುವುದರೊಳಗೆ ಐದು ನಿಮಿಷ ಆಗಿತ್ತು. ಪ್ರಯೋಗದ ವಿಧಾನಕ್ಕೆ ಬಂದಾಗ ಮೊದಲ ಗಂಟೆ ಬಾರಿಸಿತು. ಅಲ್ಲಿಂದ ಮುಂದೆ ನಾನು ಓದಿದ್ದು ಹಳ್ಳ ಬಂದ ಹಾಗೆ. ಎರಡನೇ ಗಂಟೆ ಆದಾಗ ಕೈಯಲ್ಲಿದ್ದ ಹಾಳೆ ಹನ್ನೆರಡನೆಯದು. ಅಧ್ಯಕ್ಷರು ಕೈ ಎತ್ತಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕರುಣೆಯಿಂದಲೇ ಕೇಳಿದರು: "ಹಾಗಾದರೆ ಬಳ್ಳಿ ಸಾಯುತ್ತಿರುವುದು ಯಾವುದರಿಂದ?" ನಾನು ಹೇಳಿದ ಉತ್ತರ: "ಅದು ನನ್ನ ಪ್ರಬಂಧದಲ್ಲಿದೆ, ಸರ್." ಸಭೆಗೆ ಸಭೆಯೇ ನಕ್ಕಿತು. ಅಷ್ಟು ದೂರ ನಾನು ಹೋದದ್ದೇ ಅದೊಂದನ್ನು ಹೇಳಲಿಕ್ಕೆ.

ಪ್ರಬಂಧ ಓದುವವನ ಕೈಯಲ್ಲಿರುತ್ತದೆ. ತಿಳಿಯದಿದ್ದರೆ ಪುಟ ಹಿಂದಕ್ಕೆ ತಿರುಗಿಸುತ್ತಾನೆ, ಕೋಷ್ಟಕದ ಮೇಲೆ ಬೆರಳಿಟ್ಟುಕೊಂಡು ಕೂರುತ್ತಾನೆ, ಬೇಸರವಾದರೆ ಚಹಾ ಕುಡಿದು ಬಂದು ಮತ್ತೆ ಹಿಡಿಯುತ್ತಾನೆ. ಕೇಳುವವನಿಗೆ ಈ ಯಾವ ಅನುಕೂಲವೂ ಇಲ್ಲ. ಈಗ ನನ್ನ ಮಾತು ಕೇಳುತ್ತಿರುವ ನಿಮಗೂ ಇಲ್ಲ. ಒಂದು ವಾಕ್ಯ ಕೈತಪ್ಪಿದರೆ ತಪ್ಪಿದ್ದೇ. ಅಂದಮೇಲೆ ಸಭೆಯಲ್ಲಿ ಮಾತಾಡುವವನು ತಯಾರಿಯ ಮೊದಲ ದಿನವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಜನ ಎದ್ದು ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುವ ಒಂದೇ ಮಾತು ಯಾವುದು? ಅದನ್ನು ಹಾಳೆಯ ಮೇಲೆ ಒಂದು ವಾಕ್ಯದಲ್ಲಿ ಬರೆಯಲು ಬಾರದಿದ್ದರೆ ಮಾತು ಇನ್ನೂ ತಯಾರಾಗಿಲ್ಲ. ನನ್ನ ವಾಕ್ಯ ಬಹಳ ಸಣ್ಣದಿತ್ತು: ನೀರು ನಿಲ್ಲುವ ಮಡಿಯಲ್ಲಿ ಬೇರಿಗೆ ಹತ್ತುವ ಬೂಷ್ಟು ಬಳ್ಳಿಯನ್ನು ಕೊಲ್ಲುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಉಳಿದ ಒಂಬತ್ತೂವರೆ ನಿಮಿಷ ಅದಕ್ಕೆ ಸಾಕ್ಷಿ ಒದಗಿಸಲು ಸಿಗುತ್ತಿತ್ತು.

ಹೀಗೆ ಒಂದೇ ಮಾತಿಗೆ ಕಟ್ಟುಬಿದ್ದ ಭಾಷಣ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಆದ ಒಂದು ಉದಾಹರಣೆ ಇದೆ. 1928ರ ಮಾರ್ಚ್ 16, ಶುಕ್ರವಾರ, ಬೆಂಗಳೂರು. ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಗೆ ಕಲ್ಕತ್ತೆಯಿಂದ ಸಿ.ವಿ. ರಾಮನ್ ಬಂದಿದ್ದರು. ಫೆಬ್ರವರಿ 28ರಂದು ಅವರ ಪ್ರಯೋಗಾಲಯದಲ್ಲಿ ಹೊಸ ಬೆಳಕು ಕಂಡಿತ್ತು, ಅಂದರೆ ಬರೀ 17 ದಿನದ ಹಿಂದೆ. ಭಾಷಣದ ಹೆಸರು 'ಹೊಸದೊಂದು ವಿಕಿರಣ'. ಇಂಗ್ಲಿಷಿನಲ್ಲಿ ಮೂರೇ ಪದ. ನಮ್ಮ ಸಮ್ಮೇಳನಗಳ ಆಮಂತ್ರಣ ಪತ್ರಿಕೆಯಲ್ಲಿ ಮೂರು ಸಾಲು ಹಬ್ಬುವ ಪ್ರಬಂಧದ ಹೆಸರುಗಳನ್ನು ನೋಡಿದಾಗೆಲ್ಲ ನನಗೆ ಈ ಮೂರು ಪದ ನೆನಪಾಗುತ್ತವೆ.

ಆ ಭಾಷಣ ಮುಂದೆ ಅಚ್ಚಾಗಿದೆ, ಓದಲು ಸಿಗುತ್ತದೆ. ಇವತ್ತು ನಾನು ಮಾತಾಡುವುದು ಇದರ ಬಗ್ಗೆ ಎಂದು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸುತ್ತಾರೆ. ಆಮೇಲೆ ಪ್ರಯೋಗ. ಬಿಸಿಲಿನ ಕೋಲೊಂದನ್ನು ನೇರಳೆ ಬಣ್ಣದ ಗಾಜಿನಿಂದ ಸೋಸಿ ದ್ರವದೊಳಗೆ ಬಿಟ್ಟರು. ಆ ನೇರಳೆಯನ್ನು ಪೂರ್ತಿ ತಡೆಯುವ ಇನ್ನೊಂದು ಬಣ್ಣದ ಗಾಜನ್ನು ಕಣ್ಣಿನ ಮುಂದೆ ಹಿಡಿದರು. ಎರಡು ಗಾಜೂ ಸೇರಿದರೆ ಕತ್ತಲೆ ಕಾಣಬೇಕು. ಆದರೂ ದ್ರವದಲ್ಲಿ ಬೆಳಕಿನ ಜಾಡು ಕಂಡಿತು, ಅಂದರೆ ಒಳಗೆ ಹೋದ ಬೆಳಕಿನ ಬಣ್ಣ ದ್ರವದೊಳಗೆ ಬದಲಾಗಿದೆ. ಎರಡು ಗಾಜಿನ ತುಂಡು, ಒಂದು ಬಿಸಿಲು ಕೋಲು: ಹೈಸ್ಕೂಲು ಹುಡುಗನಿಗೂ ಕಣ್ಣಿಗೆ ಕಟ್ಟುತ್ತದೆ. ಗಣಿತವೆಲ್ಲ ಇದರ ನಂತರ ಬರುತ್ತದೆ. ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಅವರ ನೆರವನ್ನೂ ಅವರು ಅಲ್ಲಿ ನೆನೆದಿದ್ದಾರೆ. ರಾಮನ್ ಅವರ ಮಾತಿನ ಗತ್ತು ಎಲ್ಲರಿಗೂ ಬರುವಂಥದ್ದಲ್ಲ, ಬರಬೇಕಾಗಿಯೂ ಇಲ್ಲ. ಮೊದಲ ವಾಕ್ಯದಲ್ಲಿ ವಿಷಯಕ್ಕೆ ಬರುವುದು ಮಾತ್ರ ಯಾರಿಗಾದರೂ ಸಾಧ್ಯ. "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರು ಮಾಡಿ ಎರಡು ನಿಮಿಷ ನಮಸ್ಕಾರದಲ್ಲೇ ಕಳೆಯುವ ನಮ್ಮ ಪದ್ಧತಿ ಹತ್ತು ನಿಮಿಷದ ಮಾತಿಗೆ ಬಲು ದುಬಾರಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಕತೆಗೆ ಬರುತ್ತೇನೆ. ಇದು ದೊಡ್ಡ ವಿಜ್ಞಾನಿಗಳದ್ದಲ್ಲ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಒಂದೊಂದು ಮರವನ್ನು ಸುತ್ತುವರಿಯಲು ಎಂಟು ಹತ್ತು ಮಂದಿ ಮಕ್ಕಳು ಕೈಕೈ ಹಿಡಿದು ನಿಲ್ಲಬೇಕು. 2023ರ ಜುಲೈ ಮಳೆಯಲ್ಲಿ ಮೂರರಲ್ಲಿ ಒಂದು ಬುಡಸಹಿತ ಉರುಳಿತು, ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ನಾನು ಹೇಳುವುದು ಅದಕ್ಕೆ ಕೆಲವು ವರ್ಷ ಮೊದಲಿನ ಮಾತು.

ಹತ್ತರಿಂದ ಹದಿನೇಳು ವರ್ಷದ ಮಕ್ಕಳಿಗಾಗಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಅದನ್ನು ನಡೆಸುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮಕ್ಕಳು ತಮ್ಮೂರಿನ ಒಂದು ಸಮಸ್ಯೆಯನ್ನೋ ಸಂಗತಿಯನ್ನೋ ಹಿಡಿದು ಕೆಲವು ತಿಂಗಳು ದುಡಿದು, ಮೊದಲು ಜಿಲ್ಲೆಯಲ್ಲಿ, ಗೆದ್ದರೆ ರಾಜ್ಯದಲ್ಲಿ, ಆಮೇಲೆ ದೇಶದ ಮಟ್ಟದಲ್ಲಿ ಹೇಳಬೇಕು. ಮಾತಿಗೆ ಎಂಟು ನಿಮಿಷ, ತೋರಿಸಲು ನಾಲ್ಕು ಚಿತ್ರಪಟ, ಆಮೇಲೆ ಪ್ರಶ್ನೆ. ಕನ್ನಡದಲ್ಲಿ ಹೇಳಬಹುದು. ಇದು ಸಣ್ಣ ಸಂಗತಿಯಲ್ಲ. ನನಗೆ ಆ ಅವಕಾಶ ಇದ್ದಿದ್ದರೆ ಎಲೆಬಳ್ಳಿ ಯಾಕೆ ಸಾಯುತ್ತದೆಂದು ನಾನು ಅವತ್ತು ಖಂಡಿತ ಹೇಳಿ ಬರುತ್ತಿದ್ದೆ.

ನಮ್ಮ ಓಣಿಯ ಇಬ್ಬರು ಹುಡುಗಿಯರು, ಒಂಬತ್ತನೇ ಇಯತ್ತೆಯವರು, ನನ್ನ ಬಳಿ ಬಂದರು. ದೊಡ್ಡ ಹುಣಸೆ ಮರದ ಮೇಲೆ ಯೋಜನೆ ಮಾಡಿದ್ದರು. ಈ ಮರ ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಇಳಿಯುತ್ತದೆ ಎಂದು ಎಲ್ಲೋ ಓದಿ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಮ್ಮೆ ಹಗ್ಗ ಸುತ್ತಿ ಮರದ ಸುತ್ತಳತೆ ತೆಗೆದಿದ್ದರು. ಹಗ್ಗ ನೂಲಿನದು. ಸುತ್ತು ಮುಗಿದಲ್ಲಿ ಗಂಟು ಹಾಕಿ, ಆಮೇಲೆ ನೆಲದ ಮೇಲೆ ಹಾಸಿ ಸ್ಕೇಲಿನಿಂದ ಅಳೆಯುವುದು. ಮಳೆ ಹಿಡಿದ ಮೇಲೆ ಅಳತೆ ಹೆಚ್ಚಾಗುತ್ತ ಹೋಗಿತ್ತು. ಹುಡುಗಿಯರ ಸಂತೋಷ ಹೇಳತೀರದು.

ಮೊದಲ ಸಲ ನನ್ನ ಮುಂದೆ ಹೇಳಿದಾಗ ಇಪ್ಪತ್ತೆರಡು ನಿಮಿಷ ಆಯಿತು. ಯಾಕಾಗುವುದಿಲ್ಲ? ಮರದ ಬಗ್ಗೆ ಗೊತ್ತಿರುವುದನ್ನೆಲ್ಲ ತುಂಬಿದ್ದರು. ಮೂಲ ಆಫ್ರಿಕ. ಸೆನೆಗಲ್ಲಿನಲ್ಲಿ ಇದನ್ನು ಕಂಡು ಬರೆದ ಫ್ರೆಂಚ್ ಸಸ್ಯವಿಜ್ಞಾನಿ ಅದಾನ್ಸನ್ ಅವರ ಹೆಸರನ್ನೇ ಲಿನೇಯಸ್ ಇದರ ಕುಲಕ್ಕೆ ಇಟ್ಟದ್ದು. ಹುಣಸೆ ಎಂಬ ಹೆಸರು ಬಂದದ್ದು ಕಾಯಿಯೊಳಗಿನ ಹುಳಿ ತಿರುಳಿನಿಂದ, ಹುಣಸೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಹತ್ತಿ ಮತ್ತು ದಾಸವಾಳ ಇದರ ಬಳಗ. ಬಿಳಿ ಹೂ ಸಂಜೆ ಅರಳಿ ಮರುದಿನ ಬಾಡುತ್ತದೆ, ಆಫ್ರಿಕದಲ್ಲಿ ರಾತ್ರಿ ಬಾವಲಿಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಗೋರಖನಾಥರ ಕತೆ, ಕೃಷ್ಣನ ಕತೆ, ನವಾಬರ ಕತೆ. ಎಲ್ಲವೂ ಚೆಂದ, ಕೇಳುತ್ತ ಕೂರಬಹುದು. ಆದರೆ ಅವರು ಮಾಡಿದ ಕೆಲಸ ಹಗ್ಗದ್ದು. ಅದು ಬಂದದ್ದು ಹದಿನೇಳನೇ ನಿಮಿಷಕ್ಕೆ.

ಕತ್ತರಿ ಹಿಡಿದು ಕೂತೆವು. ಬಿಡುವುದು ಕಷ್ಟದ ಕೆಲಸ. ಬಾವಲಿಯನ್ನು ಬಿಡಬೇಕೆಂದಾಗ ಸಣ್ಣವಳ ಕಣ್ಣಲ್ಲಿ ನೀರು ಬಂತು, ಯಾಕೆಂದರೆ ಬಾವಲಿಯ ಚಿತ್ರ ಬರೆದವಳು ಅವಳೇ. ನಾನು ಹೇಳಿದೆ, ತಂಗಿ, ಬಾವಲಿ ಮನೆಯಲ್ಲೇ ಇರಲಿ, ಯಾರಾದರೂ ಕೇಳಿದರೆ ಹೇಳು. ಎಷ್ಟೋ ಸಮ್ಮೇಳನಗಳಲ್ಲಿ ದೊಡ್ಡವರೂ ಈ ಬಾವಲಿಯನ್ನು ಬಿಡಲಾರದೆ ಪರದಾಡುವುದನ್ನು ನೋಡಿದ್ದೇನೆ. ನಾಲ್ಕು ವರ್ಷ ದುಡಿದು ತಂದ ಅಂಕಿಗಳೆಲ್ಲ ಪರದೆಯ ಮೇಲೆ ಬರಲೇಬೇಕು ಅವರಿಗೆ. ಅಂಕಿಗಳು ಇರುವೆ ಸಾಲಿನಂತೆ ಹರಿಯುತ್ತವೆ, ಮಾತಾಡುವವರು "ಹಿಂದೆ ಕೂತವರಿಗೆ ಇದು ಕಾಣದು, ಆದರೂ" ಎನ್ನುತ್ತಾರೆ. ಕಾಣದೆಂದು ಗೊತ್ತಿದ್ದರೆ ತಂದದ್ದು ಯಾಕೆ?

ಚಿತ್ರಪಟದ ಲೆಕ್ಕ ನಮ್ಮದು ಸರಳವಾಗಿತ್ತು. ಪಡಸಾಲೆಯ ಗೋಡೆಗೆ ಪಟ ಹಚ್ಚುವುದು, ಅಂಗಳದಾಚೆ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಓದುವುದು. ಓದಲು ಬಾರದಿದ್ದರೆ ಅಕ್ಷರ ದೊಡ್ಡದು ಮಾಡು, ಮಾತು ಕಡಿಮೆ ಮಾಡು. ಈಗ ಪಟದ ಬದಲು ಕಂಪ್ಯೂಟರಿನ ಸ್ಲೈಡು ಬಂದಿದೆ, ಕೊಟ್ಟಿಗೆಯ ನಿಯಮ ಅದಕ್ಕೂ ನಡೆಯುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಹಾಕುವವರನ್ನು ಮಾತ್ರ ನಾನು ಕ್ಷಮಿಸಲಾರೆ.

ಹುಡುಗಿಯರಿಗೆ ಮಾತಿನ ಓಟ ಜಾಸ್ತಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಮಾತಾಡುವಾಗ, ವೇಗ ಹೆಚ್ಚಾದರೆ 'ನಿಧಾನ' ಎಂದು ಬರೆದ ಚೀಟಿಯನ್ನು ಸಹಾಯಕ ಅವರ ಕಣ್ಣಿಗೆ ಕಾಣುವಂತೆ ಇಡುತ್ತಿದ್ದನಂತೆ. ಅಂಥ ಫ್ಯಾರಡೆಗೇ ಚೀಟಿ ಬೇಕಾಗಿದ್ದರೆ ನಮ್ಮದೇನು? ನಾನು ರಟ್ಟಿನ ಮೇಲೆ 'ಸಾವಕಾಶ' ಎಂದು ದಪ್ಪಗೆ ಬರೆದು ಹಿಡಿದು ಕೂರುತ್ತಿದ್ದೆ. ಇಲ್ಲಿ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತವರು ಈಗ ನನಗೂ ಕೈಸನ್ನೆಯಲ್ಲಿ ಅದನ್ನೇ ಹೇಳುತ್ತಿದ್ದಾರೆ.

ಇನ್ನು ಎರಡು ವಾರ ಇದೆ ಎನ್ನುವಾಗ ಮಾತು ಏಳೂವರೆ ನಿಮಿಷಕ್ಕೆ ಬಂತು. ಅರ್ಧ ನಿಮಿಷ ಉಸಿರಿಗೆ ಬಿಟ್ಟೆವು. ಇನ್ನು ಹೊಸಬರ ಮುಂದೆ ಹೇಳಿಸಬೇಕು. ನಾನು ಸಸ್ಯಶಾಸ್ತ್ರದವನು, ಅವರು ಬಿಟ್ಟದ್ದನ್ನು ನನ್ನ ತಲೆ ತಾನೇ ತುಂಬಿಕೊಳ್ಳುತ್ತದೆ. ವಿಷಯ ಗೊತ್ತಿಲ್ಲದ, ಆದರೆ ಬುದ್ಧಿ ಚುರುಕಾದ ಕಿವಿ ಬೇಕು. ದೊಡ್ಡ ಹುಡುಗಿಯ ಅಜ್ಜ ಎಲೆತೋಟದಲ್ಲಿ ಬಳ್ಳಿ ಇಳಿಸುವ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಅವರನ್ನೇ ಕೂರಿಸಿದೆವು. ಅಜ್ಜ ಎಲೆ ಮಡಚಿ ಬಾಯಿಗಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ನಿಧಾನ ಕೇಳಿದರು:

"ಅಲ್ಲವ್ವಾ, ಮಳಿಗಾಲದಾಗ ಅಳದ್ರಿ ಅಂದ್ರಿ. ಹಗ್ಗ ತೊಯ್ದಿತ್ತೇನು?"

"ತೊಯ್ದಿತ್ತಜ್ಜ. ಮರಾನೂ ತೊಯ್ದಿತ್ತು."

"ತೊಯ್ದ ಹಗ್ಗ ಕುಗ್ಗತೈತಿ. ಹೇರ ಕಟ್ಟಿದ ಮ್ಯಾಲೆ ಮಳಿ ಹೊಡದ್ರ ಗಂಟ ಬಿಚ್ಚಾಕ ಬರಂಗಿಲ್ಲ, ಅಷ್ಟ ಬಿಗೀತೈತಿ. ತೊಯ್ದದ್ದು ಸುತ್ತಿ, ಮನಿಗೆ ತಂದು ಒಣಗಿಸಿ ಅಳದ್ರ ಏನಾಕ್ಕೈತಿ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹೌದು, ಮನೆಗೆ ತಂದು ಮರುದಿನವೇ ಅಳೆದಿದ್ದರು. ಕುಗ್ಗಿದ ಹಗ್ಗವನ್ನು ಮರಕ್ಕೆ ಸುತ್ತಿ, ಒಣಗಿ ಹಿಗ್ಗಿದ ಮೇಲೆ ಸ್ಕೇಲು ಹಿಡಿದರೆ ಅಳತೆ ಹೆಚ್ಚೇ ಬರುತ್ತದೆ. ಉಬ್ಬಿದ್ದು ಮರವೋ ಹಗ್ಗವೋ? ಹತ್ತಿಯ ನೆಂಟನನ್ನು ಹತ್ತಿಯ ಹಗ್ಗದಿಂದ ಅಳೆಯಲು ಹೋಗಿ, ಹತ್ತಿಯೇ ಮೋಸ ಮಾಡಿತ್ತು. ಇದು ಇಷ್ಟು ದಿನ ನನಗೆ ಹೊಳೆಯಲಿಲ್ಲ, ಶಾಲೆಯ ಮೇಷ್ಟರಿಗೂ ಹೊಳೆಯಲಿಲ್ಲ. ಹೇರು ಕಟ್ಟಿ ಗೊತ್ತಿದ್ದವರಿಗೆ ಎಂಟು ನಿಮಿಷದಲ್ಲಿ ಹೊಳೆಯಿತು.

ಮರುದಿನ ಶಾಲೆಯ ಅಂಗಳದಲ್ಲಿ ಎರಡು ಗೂಟ ಹೊಡೆದು ಒಣ ಹಗ್ಗ ಅಳೆದರು, ಬಕೀಟಿನಲ್ಲಿ ನೆನೆಸಿ ಮತ್ತೆ ಅಳೆದರು. ಕುಗ್ಗಿತು. ಗೌಂಡಿಯೊಬ್ಬರ ಹತ್ತಿರ ಉಕ್ಕಿನ ಟೇಪು ಬೇಡಿ ತಂದು ಮರವನ್ನೂ ಅಳೆದರು. ಆದರೆ ಒಂದೇ ಅಳತೆಯಿಂದ ಏನು ಹೇಳಲು ಬರುತ್ತದೆ? ಬೇಸಗೆಯ ಜೋಡಿ ಇಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಹಗ್ಗದ ಮಾತು ತೆಗೆಯುವುದೇ ಬೇಡ, ಅಂಕಿಗಳನ್ನು ಇದ್ದಂತೆ ತೋರಿಸಿ, ಯಾರೂ ಕೇಳುವುದಿಲ್ಲ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ದೊಡ್ಡವಳು ಏನೂ ಮಾತಾಡಲಿಲ್ಲ. ಮರುದಿನ ಬಂದಾಗ ಮೂರನೇ ಪಟವನ್ನು ಹೊಸದಾಗಿ ಬರೆದಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ: 'ಹಗ್ಗ ಕುಗ್ಗಿತೋ, ಮರ ಹಿಗ್ಗಿತೋ?' ಬುತ್ತಿ ಕಟ್ಟುವ ಮಾತು ಅಲ್ಲಿಗೆ ಬದಲಾಯಿತು. ಕೈಯಲ್ಲೊಂದು ಒಣ ಹಗ್ಗ, ಒಂದು ತೊಯ್ದ ಹಗ್ಗ ಒಯ್ಯುವುದೆಂದಾಯಿತು. ರಾಮನ್ ಅವರ ಎರಡು ಗಾಜಿನ ಕತೆ ನಾನು ಅವರಿಗೆ ಹೇಳಿರಲಿಲ್ಲ.

ಪ್ರಶ್ನೆಗಳ ತಯಾರಿ ಬೇರೆಯೇ ವಿದ್ಯೆ. ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್ 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ನಕ್ಷತ್ರಗಳ ಅಂತ್ಯದ ಬಗ್ಗೆ ತಮ್ಮ ಲೆಕ್ಕವನ್ನು ಮುಂದಿಟ್ಟರು. ಆಗ ಅವರಿಗೆ 24 ವರ್ಷ. ಹಿಂದೆಯೇ ಎದ್ದು ನಿಂತ ಹಿರಿಯ ಖಗೋಳವಿಜ್ಞಾನಿ ಎಡಿಂಗ್ಟನ್ ಅದನ್ನು ಹಾಸ್ಯ ಮಾಡಿ ಸಭೆಯನ್ನು ನಗಿಸಿದರು. ಉತ್ತರ ಕೊಡಲು ಈ ಹುಡುಗನಿಗೆ ಅವಕಾಶವೇ ಸಿಗಲಿಲ್ಲ. ಲೆಕ್ಕ ಚಂದ್ರಶೇಖರ್ ಅವರದ್ದೇ ಸರಿಯಿತ್ತು. ನೊಬೆಲ್ ಬಂದದ್ದು 1983ರಲ್ಲಿ. ಇಂಥ ಎದುರಾಳಿ ಲಕ್ಷಕ್ಕೊಬ್ಬರಿಗೆ. ನಮ್ಮ ಸಮ್ಮೇಳನಗಳಲ್ಲಿ ಎದ್ದು ನಿಲ್ಲುವವರು ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ನಿಜವಾಗಿ ತಿಳಿಯಬೇಕೆಂದು ಕೇಳುವವರು, ಇನ್ನೊಬ್ಬರು ತಮ್ಮದೊಂದು ಭಾಷಣವನ್ನು ಪ್ರಶ್ನೆಯ ಅಂಗಿ ತೊಡಿಸಿ ತರುವವರು. ಎರಡನೆಯವರಿಗೆ ನಮಸ್ಕಾರ ಹೇಳಿ ಕೂರಬಹುದು. ಮೊದಲನೆಯವರ ಪ್ರಶ್ನೆಯನ್ನು ಪೂರ್ತಿ ಕೇಳಬೇಕು, ಸಭೆಗೆ ಕೇಳಿಸುವಂತೆ ಒಮ್ಮೆ ತಿರುಗಿ ಹೇಳಬೇಕು. ಆ ನಾಲ್ಕು ಕ್ಷಣದಲ್ಲಿ ನಮ್ಮ ತಲೆಯೂ ತಿಳಿಯಾಗುತ್ತದೆ.

ಹಾವೇರಿಯ ಜಿಲ್ಲಾಮಟ್ಟದ ಸಮಾವೇಶದಲ್ಲಿ ಹುಡುಗಿಯರ ಸರದಿ ಬಂದದ್ದು ಊಟದ ನಂತರ. ಅದು ಕೆಟ್ಟ ಹೊತ್ತು, ಕೇಳುವವರ ಕಣ್ಣು ಎಳೆಯುತ್ತಿರುತ್ತವೆ. ದೊಡ್ಡವಳ ಕೈ ನಡುಗುತ್ತಿದ್ದದ್ದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಆದರೆ ಕೈಯಲ್ಲಿ ಹಗ್ಗವಿತ್ತು. ಹಗ್ಗ ಎಳೆದು ಹಿಡಿದ ಕೂಡಲೆ ನಡುಕ ನಿಂತಿತು. ನಡುಗುವ ಕೈಗೆ ಒಂದು ಕೆಲಸ ಕೊಡಬೇಕು ಎಂಬುದನ್ನು ನಾನು ಅವತ್ತು ಕಲಿತೆ. ನನ್ನ ಇಪ್ಪತ್ಮೂರು ಹಾಳೆಗಳು ನಡುಕವನ್ನು ಗೋಡೆಯ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸಿದ್ದವು. ತೊಯ್ದ ಹಗ್ಗದಿಂದ ಮೇಜಿನ ಮೇಲೆ ನೀರು ತೊಟ್ಟಿಕ್ಕಿದಾಗ ತೂಕಡಿಸುತ್ತಿದ್ದವರೂ ಎದ್ದು ನೋಡಿದರು.

ತೀರ್ಪುಗಾರರೊಬ್ಬರು ಕೇಳಿದರು, ಈ ಮರದ ವಯಸ್ಸೆಷ್ಟು? ಸಣ್ಣವಳು ಹೇಳಿದಳು: "ಗೊತ್ತಿಲ್ರಿ ಸರ. ಊರಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಈ ಮರ ಒಳಗ ಟೊಳ್ಳಾಕ್ಕೈತ್ರಿ, ಉಂಗುರ ಎಣಸಾಕ ಬರಂಗಿಲ್ಲ. ಕಾರ್ಬನ್ ಪರೀಕ್ಷೆ ಮಾಡಬೇಕಾಗತೈತಿ." ಇನ್ನೊಬ್ಬರು ಸ್ವಲ್ಪ ಕಟುವಾಗಿಯೇ ಅಂದರು, ಹಾಗಾದರೆ ನಿಮ್ಮ ಯೋಜನೆ ಸೋತಿತಲ್ಲ? ದೊಡ್ಡವಳು ಹಗ್ಗ ಸುತ್ತಿಕೊಳ್ಳುತ್ತ, "ಹೌದ್ರಿ ಸರ. ಮುಂದಿನ ವರ್ಷಕ್ಕ ಟೇಪ ತಗೊಂಡೀವ್ರಿ" ಅಂದಳು.

ರಾಜ್ಯಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಸಂಜೆ ಸವಣೂರಿನ ಬಸ್ಸಿನಲ್ಲಿ ಕಿಟಕಿಗೆ ಕೂತು ಮೂವರೂ ಖಾರ ತಿನ್ನುತ್ತ ಹೊರಟೆವು. ಬಾವಲಿಯ ಬಗ್ಗೆ ಯಾರೂ ಕೇಳಲಿಲ್ಲವೆಂದು ಸಣ್ಣವಳಿಗೆ ಬೇಸರ. ದೊಡ್ಡವಳು ಬಹಳ ಹೊತ್ತು ಸುಮ್ಮನಿದ್ದಳು. ಊರು ಸಮೀಪಿಸಿದಾಗ ಕೇಳಿದಳು:

"ಸರ, ಉಕ್ಕಿನ ಟೇಪು ಬಿಸಿಲಿಗೆ ಹಿಗ್ಗತೈತಲ್ರಿ?"

ಹಿಗ್ಗುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಸುಮಾರು 0.012 ಮಿಲಿಮೀಟರು. ಹತ್ತು ಮೀಟರಿಗೆ, ಇಪ್ಪತ್ತು ಡಿಗ್ರಿಗೆ ಎಷ್ಟಾಯಿತು ನೀನೇ ನೋಡು ಅಂದೆ. ಅವಳು ಖಾರದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಳತೆ ಬರೆಯುವ ಪಟ್ಟಿಯ ಹಿಂದಿನ ಹಾಳೆ ತೆರೆದಳು.